ಪದವಿಯೂ ಕಸುಬೂ: ಬೀದರಿನ ಪ್ರವಾಸೋದ್ಯಮ ಶಿಕ್ಷಣ

ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾದ ಮುಂದೆ ನಿಂತು, ಉಳಿದಿರುವ ಮಿನಾರದ ಮೇಲಣ ಬಣ್ಣದ ಹೆಂಚುಗಳನ್ನು ತೋರಿಸುತ್ತ, ಪರ್ಷಿಯಾದ ವಿದ್ವತ್ತಿಗೂ ದಖ್ಖನ್ನಿನ ಈ ನಗರಕ್ಕೂ ಇದ್ದ ಸಂಬಂಧವನ್ನೂ, 1696ರ ಸಿಡಿಮದ್ದಿನ ಸ್ಫೋಟದಲ್ಲಿ ಕಟ್ಟಡದ ಒಂದು ಪಾರ್ಶ್ವವು ಕುಸಿದ ವೃತ್ತಾಂತವನ್ನೂ, ಬಂದವರ ಭಾಷೆಯಲ್ಲಿ ಅವರಿಗಿರುವ ಅರ್ಧ ಗಂಟೆಯೊಳಗೆ ತಪ್ಪಿಲ್ಲದೆ ಹೇಳಬಲ್ಲ ಪದವೀಧರರು ಎಷ್ಟು ಮಂದಿ ದೊರೆಯುವರು? ಪ್ರವಾಸೋದ್ಯಮದ ವ್ಯಾಖ್ಯೆ, ವಿಧಗಳು, ಆರ್ಥಿಕ ಪರಿಣಾಮಗಳು ಇವೆಲ್ಲವನ್ನೂ ಕಂಠಸ್ಥ ಮಾಡಿಸುವ ಪಠ್ಯಕ್ರಮವು, ವಿದ್ಯಾರ್ಥಿಯನ್ನು ಕೋಟೆಯ ಬಾಗಿಲಿಗೆ ಶೈಕ್ಷಣಿಕ ಪ್ರವಾಸದ ದಿನವೊಂದನ್ನು ಬಿಟ್ಟರೆ ಕರೆತರುವುದೇ ಇಲ್ಲವೆಂದಮೇಲೆ, ಕುಶಲರು ಸಿಗುತ್ತಿಲ್ಲವೆಂಬ ಉದ್ಯೋಗದಾತರ ಅಸಮಾಧಾನವನ್ನು ನಿರಾಧಾರವೆನ್ನಲಾಗದು.

ಅವರು ಬಯಸುವುದಾದರೂ ಏನು? ನಾನಕ್ ಝೀರಾ ಗುರುದ್ವಾರಕ್ಕೆ ಪಂಜಾಬಿನಿಂದ ಬಂದ ಕುಟುಂಬಕ್ಕೆ ಹಿಂದಿಯಲ್ಲಿ ದಾರಿ ಹೇಳುವುದು, ಕೊಠಡಿಯ ಬುಕಿಂಗನ್ನು ಗೊಂದಲವಿಲ್ಲದೆ ನಿರ್ವಹಿಸುವುದು, ಜಿಎಸ್‌ಟಿ ಸಹಿತ ಬಿಲ್ಲು ಬರೆಯುವುದು, ಬಸ್ಸು ತಡವಾದಾಗ ಸಿಡುಕುವ ಯಾತ್ರಿಕರೆದುರು ಮುಖ ಗಂಟಿಕ್ಕದಿರುವುದು. ಇವು ತರಗತಿಯಲ್ಲಿ ಹುಟ್ಟುವ ಗುಣಗಳಲ್ಲ. ಕೆಲಸದ ನಡುವೆ, ಬಲ್ಲವರ ಕಣ್ಣೆದುರಿನಲ್ಲಿ ಪಳಗತಕ್ಕವು.

ಬಿದರಿ ಕಲೆಯನ್ನೇ ನೋಡಿರಿ. ಸತುವಿನೊಡನೆ ಅಲ್ಪ ಪ್ರಮಾಣದ ತಾಮ್ರವನ್ನು ಬೆರೆಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನುಣುಪಾಗಿಸಿ, ಮೈಲುತುತ್ತದ ದ್ರಾವಣದಿಂದ ತಾತ್ಕಾಲಿಕವಾಗಿ ಕಪ್ಪಾಗಿಸಿದ ಮೈಮೇಲೆ ಸೂಜಿಮೊನೆಯಿಂದ ಬಳ್ಳಿಯನ್ನು ಬರೆದು, ಉಳಿಯಿಂದ ಕೆತ್ತಿದ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಿ, ಕಡೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಬಿಸಿಪಾತ್ರೆಗೆ ಲೇಪಿಸಿದರೆ, ಲೋಹವು ಕಡುಗಪ್ಪಾಗುವುದು. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುವುದು. 2006ರಲ್ಲಿ ಭೌಗೋಳಿಕ ಸೂಚಕವನ್ನು ಪಡೆದ ಈ ಕಲೆಯ ಕುರಿತು ಐದಂಕದ ಟಿಪ್ಪಣಿ ಬರೆದವನಿಗೂ, ಕುಶಲಕರ್ಮಿಯ ಪಕ್ಕದಲ್ಲಿ ಕೆಲವು ವಾರ ಕುಳಿತು ಆ ಮಣ್ಣನ್ನು ಮುಟ್ಟಿ ನೋಡಿದವನಿಗೂ ಇರುವ ಅಂತರವನ್ನು ಕೊಳ್ಳಬಂದ ಗಿರಾಕಿಯು ಕ್ಷಣದಲ್ಲಿ ಗುರುತಿಸುವನು. ನೌಬಾದಿನ ಸುರಂಗ ಬಾವಿಯ ವಿಷಯವೂ ಹಾಗೆಯೇ: ನೆಲದೊಳಗಿನ ಕಾಲುವೆಯು ಯಾವ ಇಳಿಜಾರಿನಲ್ಲಿ ಹರಿಯುವುದು, ಮೇಲಿನ ಬಾವಿಗಳು ಏಕೆ ಬೇಕಾದುವು ಎಂಬುದನ್ನು ಸ್ಥಳದಲ್ಲಿ ನಿಂತಲ್ಲದೆ ತಿಳಿಯುವುದು ಕಷ್ಟ.

ಅಷ್ಟೂರಿನ ಗುಮ್ಮಟಗಳಲ್ಲಿ ಬೇರೊಂದು ಬಗೆಯ ಸಾಮರ್ಥ್ಯವು ಬೇಕಾಗುವುದು. ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿಯ ಸಮಾಧಿಗೆ ಮುಸಲ್ಮಾನರೂ, ಅವನಲ್ಲಿ ಅಲ್ಲಮಪ್ರಭುವನ್ನು ಕಾಣುವ ಹಿಂದೂ ಭಕ್ತರೂ ನಡೆದುಕೊಳ್ಳುವರು. ಇದನ್ನು ಯಾರ ಭಾವನೆಗೂ ನೋವಾಗದಂತೆ, ಸತ್ಯವನ್ನು ಮರೆಮಾಚದೆ ಹೇಳುವ ವಿವೇಕವನ್ನು ಯಾವ ಅಂಕಪಟ್ಟಿಯೂ ಅಳೆಯದು.

ಭಾಷೆಯ ಮಟ್ಟಿಗಂತೂ ಔರಾದ್, ಭಾಲ್ಕಿ ತಾಲ್ಲೂಕುಗಳ ಮಕ್ಕಳ ವಿಷಯದಲ್ಲಿ ನನಗೆ ವಿಶೇಷವಾದ ಭರವಸೆಯಿದೆ. ಗಡಿಸೀಮೆಯ ಈ ತರುಣರಲ್ಲಿ ಹಲವರು ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು, ತೆಲುಗುಗಳೊಡನೆ ಬೆಳೆದವರು. ನಿಜಾಮರ ಕಾಲದಲ್ಲಿ ಹೊರಗೆ ಉರ್ದುವಿನ ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದೇವರ ನೆಲದಲ್ಲಿ ಭಾಷೆಯ ಬೆಲೆಯನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮಹಾರಾಷ್ಟ್ರ, ತೆಲಂಗಾಣಗಳಿಂದ ಪ್ರವಾಸಿಗಳು ಬರುವ ಜಿಲ್ಲೆಯಲ್ಲಿ ಈ ಬಹುಭಾಷಾ ಸಂಪತ್ತಿಗೆ ಪಠ್ಯಕ್ರಮವು ಒಂದು ಅಂಕವನ್ನೂ ಕೊಡದಿರುವುದು ನನಗೆ ನಿಜಕ್ಕೂ ಖೇದವನ್ನುಂಟುಮಾಡುವ ಸಂಗತಿ. ಔರಾದಿನ ವಿದ್ಯಾರ್ಥಿನಿಯು ತನ್ನೂರಿನ ಅಮರೇಶ್ವರನ ಜಾತ್ರೆಯನ್ನು ಮರಾಠಿಯಲ್ಲೂ ಕನ್ನಡದಲ್ಲೂ ವಿವರಿಸಿ ಪರೀಕ್ಷೆಯನ್ನು ಎದುರಿಸಲು ಏಕೆ ಅವಕಾಶವಿರಬಾರದು?

ದೋಷವೆಲ್ಲವೂ ಕಾಲೇಜುಗಳದೆಂದು ನಾನು ಹೇಳಲಾರೆ. ತರಬೇತಿಗೆಂದು ಬಂದವರನ್ನು ಚಹಾ ತರಲೂ ಲಗೇಜು ಹೊರಲೂ ಕಳುಹಿಸಿ, ಅವಧಿ ಮುಗಿದೊಡನೆ ಪ್ರಮಾಣಪತ್ರವೊಂದನ್ನು ಕೈಗಿತ್ತು ಬೀಳ್ಕೊಡುವ ಮಾಲೀಕರು ಕುಶಲರ ಅಭಾವವನ್ನು ಕುರಿತು ದೂರುವುದು ನ್ಯಾಯವಲ್ಲ. ಹಾಗೆಯೇ, ಪ್ರವಾಸಿಗಳು ಹೆಚ್ಚಾಗಿ ಬರುವ ತಿಂಗಳುಗಳಲ್ಲಷ್ಟೇ ದುಡಿಮೆ ಕೊಟ್ಟು, ಬೀದರಿನ ಉರಿಬೇಸಗೆಯಲ್ಲಿ ಅವರು ವಿರಳವಾದೊಡನೆ ಸಂಬಳವನ್ನು ನಿಲ್ಲಿಸಿದರೆ, ನಾಲ್ಕು ಭಾಷೆ ಬಲ್ಲ ಆ ತರುಣನು ಹೈದರಾಬಾದಿನ ಬಸ್ಸನ್ನೇರದೆ ಇನ್ನೇನು ಮಾಡಬೇಕು? ಪಠ್ಯದ ಅರ್ಧ ಭಾಗವನ್ನು ಸ್ಥಳದಲ್ಲೇ ಕಲಿಸುವ ಹೊಣೆಯನ್ನು ಕಾಲೇಜುಗಳು ಹೊತ್ತುಕೊಳ್ಳಲಿ. ಆ ಅವಧಿಗೆ ಸಂಭಾವನೆಯನ್ನೂ, ಮುಗಿದ ಮೇಲೆ ವರ್ಷವಿಡೀ ವೇತನವನ್ನೂ ಮಾಲೀಕರು ಲಿಖಿತವಾಗಿ ಒಪ್ಪಿಕೊಳ್ಳಲಿ. ಪರೀಕ್ಷಕರ ಪೈಕಿ ಬಿದರಿ ಕುಶಲಕರ್ಮಿಯೊಬ್ಬರೂ ಅನುಭವಿ ಗೈಡೊಬ್ಬರೂ ಇರಲಿ.