ಎಂಟು ತಂತಿ, ಒಬ್ಬ ವಾದಕ: ಗಾಯಕನಿಲ್ಲದ ಮೆಟಲ್ ಆಲ್ಬಮ್

ರಾಕ್ ಸಂಗೀತದಲ್ಲಿ ಅಗ್ರಪೀಠ ಗಾಯಕನದು. ಗಿಟಾರ್ ವಾದಕ ಎಷ್ಟೇ ನಿಪುಣನಾಗಿರಲಿ, ಚರಣಗಳ ನಡುವೆ ದೊರೆಯುವ ಅಲ್ಪಾವಕಾಶದಲ್ಲಿಯೇ ಕೈಚಳಕ ತೋರಬೇಕು. ಈ ಪದ್ಧತಿಯನ್ನು ಬದಿಗಿಟ್ಟು, ಒಂದು ಸಾಲಿನ ಸಾಹಿತ್ಯವೂ ಇಲ್ಲದ 12 ರಚನೆಗಳೊಂದಿಗೆ 2009ರ ಏಪ್ರಿಲ್‌ನಲ್ಲಿ ಅಮೆರಿಕದಿಂದ ಹೊರಬಂದ ಆಲ್ಬಮ್ 'ಅನಿಮಲ್ಸ್ ಆಸ್ ಲೀಡರ್ಸ್'. ಇದರ ರೂವಾರಿ, ನೈಜೀರಿಯಾ ಮೂಲದ ಕುಟುಂಬದ ಟೋಸಿನ್ ಅಬಾಸಿ. ಗೊರಿಲ್ಲಾವೊಂದು ಮನುಷ್ಯನಿಗೆ ಪಾಠ ಹೇಳುವ ಡೇನಿಯಲ್ ಕ್ವಿನ್ ಅವರ 'ಇಷ್ಮಾಯೆಲ್' ಕಾದಂಬರಿ ಈ ವಿಲಕ್ಷಣ ಹೆಸರಿಗೆ ಪ್ರೇರಣೆ.

ಈ ಆಲ್ಬಮ್ ಹುಟ್ಟದೆಯೇ ಹೋಗಬಹುದಿತ್ತು. 'ರಿಫ್ಲಕ್ಸ್' ತಂಡದಲ್ಲಿದ್ದ ಅಬಾಸಿಯವರ ಪ್ರತಿಭೆಯನ್ನು ಗುರುತಿಸಿದ ಪ್ರಾಸ್ಥೆಟಿಕ್ ರೆಕಾರ್ಡ್ಸ್ ಸಂಸ್ಥೆ ಏಕವ್ಯಕ್ತಿ ಆಲ್ಬಮ್‌ಗೆ ಆಹ್ವಾನಿಸಿದಾಗ, ಅದು ಅಹಂ ಪ್ರದರ್ಶನವಾದೀತೆಂದು ಅವರು ನಿರಾಕರಿಸಿದರು. ಅಟ್ಲಾಂಟಾದಲ್ಲಿ ಒಂದು ವರ್ಷ ಸಂಗೀತ ವ್ಯಾಸಂಗ ಮಾಡಿದ ಬಳಿಕವಷ್ಟೇ ಮನಸ್ಸು ಬದಲಾಯಿತು. ಅವರ ಅಳುಕು ನಿರಾಧಾರವೇನಲ್ಲ. ಗಿಟಾರ್ ವಾದಕರ ಏಕವ್ಯಕ್ತಿ ಆಲ್ಬಮ್‌ಗಳು ಬೆರಳುಗಳ ಓಟದ ಸ್ಪರ್ಧೆಯಾಗಿ ಮುಗಿದ ನಿದರ್ಶನಗಳು ಬೇಕಾದಷ್ಟಿವೆ.

ಈ ಆಲ್ಬಮ್ ಭಿನ್ನವಾಗಿರುವುದು ವಾದ್ಯದ ಬಳಕೆಯಲ್ಲಿ. ಸಾಮಾನ್ಯ ಗಿಟಾರ್‌ಗೆ ಆರು ತಂತಿ. ಅದರ ಅತಿ ಕೆಳಗಿನ ಸ್ವರಕ್ಕೆ ಸೆಕೆಂಡಿಗೆ ಸುಮಾರು 82 ಕಂಪನ. ಎಂಟು ತಂತಿಯ ಗಿಟಾರ್ ಪ್ರಚಲಿತ ಶ್ರುತಿಯಲ್ಲಿ 46ಕ್ಕೆ ಇಳಿಯುತ್ತದೆ. ಬೇಸ್ ಗಿಟಾರ್‌ನ ತಳಸ್ವರ 41. ಅಂದರೆ ಎರಡೂ ಹೆಚ್ಚುಕಡಿಮೆ ನೆರೆಮನೆಯವೇ! ಸ್ವೀಡನ್ನಿನ 'ಮೆಶುಗಾ' ತಂಡ ಇಂಥ ಆಳದ ಸ್ವರಗಳನ್ನು ಸುತ್ತಿಗೆಯ ಪೆಟ್ಟಿನಂತೆ, ತಿರುಚಿದ ಲಯಗಳಲ್ಲಿ ಬಳಸಿ ಹೆಸರಾಗಿತ್ತು. ಅಬಾಸಿ ಆ ಪೆಟ್ಟುಗಳನ್ನು ಉಳಿಸಿಕೊಂಡೇ, ಅದೇ ವಾದ್ಯದ ಮೇಲಿನ ತಂತಿಗಳಲ್ಲಿ ಜಾಝ್ ಶೈಲಿಯ ಸ್ವರಮೇಳಗಳನ್ನು ಹೆಣೆದರು. ಎರಡೂ ಕೈಗಳ ಬೆರಳುಗಳಿಂದ ತಂತಿಗಳನ್ನು ಕುಟ್ಟಿ ಹಲವು ಎಳೆಗಳನ್ನು ಒಟ್ಟಿಗೇ ಹೊರಡಿಸಿದರು. ಗಾಯಕನ ಸ್ಥಾನವನ್ನು ತುಂಬುವುದು ಈ ಎಳೆಗಳೇ.

ಗಿಟಾರ್, ಬೇಸ್ ಎರಡನ್ನೂ ನುಡಿಸಿದವರು ಅಬಾಸಿಯೇ. ಡ್ರಮ್ಸ್ ಮಾತ್ರ ಮನುಷ್ಯನ ಕೈಯದಲ್ಲ. 'ಪೆರಿಫೆರಿ' ತಂಡದ ಮೀಶಾ ಮನ್ಸೂರ್ ಕಂಪ್ಯೂಟರ್‌ನಲ್ಲಿ ಜೋಡಿಸಿದ ಲಯವದು. ಕೆಲವೆಡೆ ಪೆಟ್ಟುಗಳೆಲ್ಲ ಒಂದೇ ತೂಕದಲ್ಲಿ ಬಿದ್ದು ಯಾಂತ್ರಿಕವೆನಿಸುವುದನ್ನು ಅಲ್ಲಗಳೆಯಲಾಗದು. ಆದರೆ ವೇದಿಕೆಯಲ್ಲಿ ಯಂತ್ರವನ್ನೇ ನೆಚ್ಚಿಕೊಳ್ಳಲಾದೀತೆ? ಗಿಟಾರ್ ವಾದಕ ಹಾವಿಯರ್ ರೇಯೆಸ್ ಹಾಗೂ ಡ್ರಮ್ಮರ್ ನವೀನ್ ಕೋಪರ್‌ವೈಸ್ ಜೊತೆಗೂಡಿದರು. 2011ರ 'ವೇಟ್‌ಲೆಸ್' ಬರುವ ವೇಳೆಗೆ ಅದು ಮೂವರ ತಂಡವಾಗಿತ್ತು.

ಮೆಟಲ್ ಸಂಗೀತದ ಪರಿಚಯವಿಲ್ಲದವರು 'ಆನ್ ಇಂಪಲ್ಸ್' ರಚನೆಯಿಂದ ಆರಂಭಿಸುವುದು ಲೇಸು. ವೇಗಕ್ಕೆ ಹೆಸರಾದ 'ಕೇಫೋ' ಆನಂತರಕ್ಕಿರಲಿ.