ಹೊಸ್ತಿಲಲ್ಲಿ ತಡೆಯುವ ಹೆಜ್ಜೆ

ಮನೆಯ ಹಿರಿಯರ ನಡಿಗೆ ನಿಧಾನವಾದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ನಾವು ಸುಮ್ಮನಾಗುವುದುಂಟು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಒಕ್ಕಲು ಮನೆತನಗಳಲ್ಲಿಯಂತೂ ದುಡಿದು ದಣಿದ ಮೈ, ಮೊಣಕಾಲಿನ ನೋವು ಎನ್ನುತ್ತಲೇ ವರುಷಗಳು ಕಳೆಯುತ್ತವೆ. ಆದರೆ ನಡೆಯುವಾಗ ಒಂದು ಕೈ ಮಾತ್ರ ಬೀಸದಿರುವುದು, ಹೆಜ್ಜೆ ಗಿಡ್ಡವಾಗಿ ನೆಲವನ್ನು ಉಜ್ಜುವುದು, ತಿರುಗುವಾಗ ಇಡೀ ಮೈ ಕಂಬದಂತೆ ಒಮ್ಮೆಲೇ ತಿರುಗುವುದು ಪಾರ್ಕಿನ್ಸನ್ ರೋಗದ ಲಕ್ಷಣಗಳಿರಬಹುದು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಇದನ್ನು ವಿವರಿಸಿದನು. ಆಯುರ್ವೇದ ಪಂಡಿತರು ಇದನ್ನು ಕಂಪವಾತಕ್ಕೆ ಹೋಲಿಸುತ್ತಾರೆ. ಆದರೆ ಕೈ ನಡುಗದೆಯೂ ಈ ರೋಗ ಇರಬಲ್ಲುದು. ಮಿದುಳಿನಲ್ಲಿ ಡೋಪಮಿನ್ ಎಂಬ ದ್ರವ್ಯ ಕಡಿಮೆಯಾಗುವುದು ಇದರ ಮೂಲ.

ನಡಿಗೆಯನ್ನು ಅಳೆಯುವ ವೈದ್ಯರ ಕ್ರಮ ಬಹು ಸರಳವಾದುದು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳಲು ಹಿಡಿಯುವ ಸಮಯವನ್ನು ಗಡಿಯಾರದಿಂದ ನೋಡುತ್ತಾರೆ. ವಯಸ್ಸಾದವರಿಗೆ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಭಯವಿದೆಯೆಂದು ಎಣಿಸುವುದುಂಟು. ಹಿಂದೆ ನಿಂತು ಹೆಗಲನ್ನು ಜಗ್ಗಿ, ಹೆಜ್ಜೆ ಹಿಂದಿಟ್ಟು ಸಾವರಿಸಿಕೊಳ್ಳುತ್ತಾರೆಯೇ ಎಂದೂ ಪರೀಕ್ಷಿಸುತ್ತಾರೆ. ಇದನ್ನು ಮನೆಯಲ್ಲಿ ಯಾರೂ ಮಾಡಬಾರದು, ಸೊಂಟ ಮುರಿದೀತು.

ಇಲ್ಲಿಯೇ ಒಂದು ತೊಡಕಿದೆ. ಹುಬ್ಬಳ್ಳಿಗೋ ದಾವಣಗೆರೆಗೋ ಕರೆದೊಯ್ದಾಗ, ಆಸ್ಪತ್ರೆಯ ಅಗಲವಾದ ಓಣಿಯಲ್ಲಿ ವೈದ್ಯರ ಎದುರು ಅಜ್ಜನವರು ಚೆನ್ನಾಗಿಯೇ ನಡೆದುಬಿಡುತ್ತಾರೆ. ಊರಿಗೆ ಮರಳಿದರೆ ಪಡಸಾಲೆಯ ಹೊಸ್ತಿಲಲ್ಲಿ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ಮೊಂಡುತನವೆಂದು ಮನೆಯವರು ಗದರುತ್ತಾರೆ. ವಾಸ್ತವದಲ್ಲಿ ಇಕ್ಕಟ್ಟಾದ ಬಾಗಿಲು, ತಿರುವು, ಅವಸರ, ಜಾತ್ರೆಯ ಜನಸಂದಣಿ ಇವೇ ಈ ತಡೆಯನ್ನು ಎಬ್ಬಿಸುತ್ತವೆ. ಪರೀಕ್ಷೆಯ ಕೋಣೆಯಲ್ಲಿ ಅದು ಅಡಗಿಕೊಳ್ಳುತ್ತದೆ. ಆದುದರಿಂದ ಕಂಡದ್ದನ್ನು ವೈದ್ಯರಿಗೆ ಮುಟ್ಟಿಸುವ ಹೊಣೆ ಮನೆಯವರದೇ.

ಕಾಲು ಎಲ್ಲಿ ತಡೆಯಿತು, ಗುಳಿಗೆ ನುಂಗಿ ಎಷ್ಟು ಹೊತ್ತಾಗಿತ್ತು, ತಿಂಗಳಲ್ಲಿ ಎಷ್ಟು ಸಲ ಬಿದ್ದರು ಎಂಬುದನ್ನು ಒಂದು ವಹಿಯಲ್ಲಿ ಬರೆದಿಡತಕ್ಕದ್ದು. ಲೆವೊಡೋಪಾ ಗುಳಿಗೆಯ ಬಲವಿರುವಾಗಿನ ನಡಿಗೆ ಬೇರೆ, ಬಲ ಇಳಿದಾಗಿನದು ಬೇರೆ. ಮೊಮ್ಮಕ್ಕಳ ಕೈಯ ಮೊಬೈಲಿನಲ್ಲಿ ಬಚ್ಚಲಿಗೆ ಹೋಗುವುದನ್ನು, ದೇವರ ಜಗುಲಿಯ ಮುಂದಿನಿಂದ ಏಳುವುದನ್ನು, ಹಿರಿಯರ ಒಪ್ಪಿಗೆ ಪಡೆದು ಚಿತ್ರಿಸಿಕೊಂಡರೆ ಮತ್ತೂ ಒಳಿತು. ಹಳೆಯ ಔಷಧಿ ಚೀಟಿಗಳೆಲ್ಲವೂ ಜೊತೆಗಿರಲಿ. ತಲೆತಿರುಗಿಗೆ ಕೊಡುವ ಸಿನ್ನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಗುಳಿಗೆಗಳಿಂದಲೂ ಇಂಥದೇ ನಡಿಗೆ ಬರುವುದುಂಟು. ಹಾಗೆಂದು ಯಾವುದನ್ನೂ ತಾವಾಗಿ ನಿಲ್ಲಿಸಬಾರದು. ರೋಗದ ಮೊದಲ ವರುಷದಲ್ಲಿಯೇ ಮೇಲಿಂದ ಮೇಲೆ ಬೀಳುತ್ತಿದ್ದರೆ ಅದನ್ನು ಮರೆಯದೆ ಹೇಳಬೇಕು, ಕಾಯಿಲೆ ಬೇರೆಯದಿರಬಹುದು.

ಕಾಲು ತಡೆದಾಗ ರಟ್ಟೆ ಹಿಡಿದು ಎಳೆಯಬೇಡಿ. ಕ್ಷಣಕಾಲ ನಿಲ್ಲಿಸಿ, ಮೈಭಾರವನ್ನು ಒಂದು ಕಾಲಿಗೆ ಹಾಕಲು ಹೇಳಿ, ಒಂದು ಎರಡು ಎಂದು ಎಣಿಸಿ. ಹೊಸ್ತಿಲ ಈಚೆ ನೆಲದ ಮೇಲೆ ಬಣ್ಣದ ಅಡ್ಡಗೆರೆಗಳನ್ನು ಎಳೆದಿಟ್ಟರೆ, ಅವನ್ನು ದಾಟುವ ನೆಪದಲ್ಲಿ ಎಷ್ಟೋ ಜನರ ಹೆಜ್ಜೆ ತಾನಾಗಿಯೇ ಏಳುತ್ತದೆ.