ವಿಮಾನದ ತಿಂಡಿಪಟ್ಟಿ: ಹೆಸರೂ ಪದಾರ್ಥವೂ

ಅಹಮದಾಬಾದು, ವಡೋದರಾ, ಸೂರತ್ತು—ಗುಜರಾತಿನ ಈ ಮೂರು ನಗರಗಳಿಂದ ಬೆಂಗಳೂರಿಗೆ ವಿಮಾನದಲ್ಲಿ ಹೋಗಿ ಬರುವ ಕನ್ನಡಿಗರು ಇಂದು ವಿರಳರಲ್ಲ. ಅಹಮದಾಬಾದಿನ ಬಾಹ್ಯಾಕಾಶ ಮತ್ತು ಭೌತಶಾಸ್ತ್ರ ಸಂಶೋಧನಾಲಯಗಳು, ವಡೋದರಾದ ವಿಶ್ವವಿದ್ಯಾನಿಲಯ ಮತ್ತು ತೈಲ ಶುದ್ಧೀಕರಣ ಕಾರ್ಖಾನೆ, ಸೂರತ್ತಿನ ಜವಳಿ ವ್ಯಾಪಾರ ಇವು ಅನೇಕರನ್ನು ಇಲ್ಲಿಗೆ ಕರೆತಂದಿವೆ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾದ ಮೇಲಂತೂ, ಆ ಬ್ಯಾಂಕಿನ ಪ್ರಧಾನ ಕಚೇರಿಯಿರುವ ವಡೋದರಾದೊಡನೆ ಕನ್ನಡನಾಡಿನ ನೌಕರರ ಸಂಬಂಧ ಇನ್ನಷ್ಟು ನಿಕಟವಾಯಿತು. ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿ ಹಿಡಿಯುವ ದಾರಿ ವಿಮಾನದಲ್ಲಿ ಎರಡು ಗಂಟೆಗಳಿಗೆ ತುಸು ಹೆಚ್ಚು ಕಡಿಮೆ ಮುಗಿಯುತ್ತದೆ. ಆ ಎರಡು ಗಂಟೆಗಳ ನಡುವೆ ಒಂದು ತಳ್ಳುಗಾಡಿ ಬರುತ್ತದೆ. ಅದರೊಡನೆ ಒಂದು ತಿಂಡಿಪಟ್ಟಿಯೂ ಬರುತ್ತದೆ. ಆ ಪಟ್ಟಿಯಲ್ಲಿರುವ ವರ್ಣನೆ ಪ್ರಯಾಣಿಕನನ್ನು ದಾರಿ ತಪ್ಪಿಸುತ್ತದೆಯೆ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಇದು ಅಲ್ಪ ವಿಷಯವೆಂದು ಕೆಲವರಿಗೆ ತೋರಬಹುದು. ಕೆಲವು ನೂರು ರೂಪಾಯಿಗಳ ವ್ಯವಹಾರ. ರುಚಿಸದಿದ್ದರೆ ಮುಂದಿನ ಸಲ ಕೊಳ್ಳದಿದ್ದರಾಯಿತು. ಆದರೆ ರಕ್ತದ ಒತ್ತಡಕ್ಕಾಗಿ ಉಪ್ಪನ್ನು ಅಳೆದು ತಿನ್ನಬೇಕಾದ ವೃದ್ಧರಿಗೂ, ಗಡ್ಡೆಗೆಣಸು ಈರುಳ್ಳಿ ಬೆಳ್ಳುಳ್ಳಿಗಳನ್ನು ಮುಟ್ಟದ ಜೈನ ಗೃಹಸ್ಥರಿಗೂ ಇದು ಬರಿಯ ರುಚಿಯ ಪ್ರಶ್ನೆಯಲ್ಲ. ಮೊದಲನೆಯವರಿಗೆ ಆರೋಗ್ಯದ ಮಾತು, ಎರಡನೆಯವರಿಗೆ ವ್ರತದ ಮಾತು. ಈ ಮೂರು ನಗರಗಳಿಂದ ಹೊರಡುವ ವಿಮಾನಗಳಲ್ಲಿ ಇಬ್ಬರೂ ಧಾರಾಳವಾಗಿ ಸಿಕ್ಕುತ್ತಾರೆ.

ವಿಮಾನದಲ್ಲಿ ತಿಂಡಿಯನ್ನು ಬೆಲೆಗೆ ಮಾರುವ ಪದ್ಧತಿ ಭಾರತದಲ್ಲಿ ಹರಡಿದ್ದು ಇತ್ತೀಚಿನದು. ಅದರ ಚರಿತ್ರೆಯಲ್ಲಿ ಒಬ್ಬ ಕನ್ನಡಿಗರ ಹೆಸರೇ ಮುಂದಿದೆ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್ ಸಂಸ್ಥೆ, ಪ್ರಯಾಣದ ದರವನ್ನು ಇಳಿಸುವುದಕ್ಕಾಗಿ ಪುಕ್ಕಟೆ ಊಟವನ್ನು ಕೈಬಿಟ್ಟು, ಬೇಕಾದವರು ಕೊಂಡು ತಿನ್ನಲಿ ಎಂಬ ಕ್ರಮವನ್ನು ಅನುಸರಿಸಿತು. ಆ ಸಂಸ್ಥೆ ಈಗ ಹಳೆಯ ರೂಪದಲ್ಲಿ ಉಳಿದಿಲ್ಲ. ಕ್ರಮ ಮಾತ್ರ ಉಳಿಯಿತು. 2015ರಲ್ಲಿ ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯವು ಊಟ, ತಿಂಡಿ, ಪಾನೀಯಗಳಿಗೆ ಪ್ರತ್ಯೇಕವಾಗಿ ದರ ವಿಧಿಸಲು ಸಂಸ್ಥೆಗಳಿಗೆ ಅನುಮತಿ ಕೊಟ್ಟಿತು. ಕುಡಿಯುವ ನೀರನ್ನು ಇದರಿಂದ ಹೊರಗಿಟ್ಟಿತು. ಪ್ರಯಾಣಿಕನು ತಾನಾಗಿ ಬೇಕೆಂದರೆ ಮಾತ್ರ ಇಂಥ ದರ ಸೇರಬೇಕೆಂದೂ ವಿಧಿಸಿತು. ಬೇಡದವನು ಇತರರ ಊಟದ ವೆಚ್ಚವನ್ನು ಹೊರಬೇಕಾಗಿಲ್ಲವೆಂಬ ಈ ತತ್ತ್ವ ನ್ಯಾಯವಾದದ್ದೇ. ಆದರೆ ಉಪಚಾರವಾಗಿದ್ದದ್ದು ವ್ಯಾಪಾರವಾದ ಮೇಲೆ, ವ್ಯಾಪಾರದ ಧರ್ಮವೂ ಅದಕ್ಕೆ ಅನ್ವಯಿಸಬೇಕಾಗುತ್ತದೆ.

ಈ ವ್ಯಾಪಾರದ ಸನ್ನಿವೇಶ ಅಂಗಡಿಯ ವ್ಯಾಪಾರದಂತಲ್ಲ. ಅಹಮದಾಬಾದಿನ ಮಾಣೆಕ್ ಚೌಕದಲ್ಲಿ ರಾತ್ರಿಯ ಹೊತ್ತು ನಿಂತವನಿಗೆ ಬಾಣಲೆ ಕಣ್ಣೆದುರಿಗೇ ಇರುತ್ತದೆ. ವಾಸನೆ ಮೂಗಿಗೆ ಬಡಿಯುತ್ತದೆ. ಒಂದು ಅಂಗಡಿ ಹಿಡಿಸದಿದ್ದರೆ ಪಕ್ಕದ್ದಕ್ಕೆ ಹೋಗಬಹುದು. ವಿಮಾನದಲ್ಲಿ ಮಾರುವವರು ಒಬ್ಬರೇ; ಪದಾರ್ಥ ಮುಚ್ಚಿದ ಡಬ್ಬಿಯಲ್ಲಿದೆ; ಎದ್ದು ಹೋಗಲು ಎಡೆಯಿಲ್ಲ. ಅಲ್ಲಿ ಕಣ್ಣು ಮೂಗುಗಳು ಮಾಡಬೇಕಾದ ಕೆಲಸವನ್ನು ಪಟ್ಟಿಯ ಮಾತೊಂದೇ ಮಾಡಬೇಕು. ಆದಕಾರಣ ಆ ಮಾತಿನ ಹೊಣೆ ದೊಡ್ಡದು. ಕೊಳ್ಳುವವನಿಗೆ ಅದು ನಾಲ್ಕು ಸಂಗತಿಗಳನ್ನು ತಿಳಿಸಬೇಕು: ಪದಾರ್ಥ ಏನು, ಎಷ್ಟು, ಹೇಗೆ ಸಿದ್ಧವಾದದ್ದು, ಯಾರಿಗೆ ತಕ್ಕದ್ದು.

ಮೊದಲು ‘ಏನು’ ಎಂಬುದನ್ನು ನೋಡಬಹುದು. ತಿಂಡಿಯ ಹೆಸರುಗಳು ಊರಿನಿಂದ ಊರಿಗೆ ಸಡಿಲವಾಗುತ್ತ ಹೋಗುತ್ತವೆ. ಗುಜರಾತಿನವರಿಗೆ ಖಮಣ್ ಬೇರೆ, ಢೋಕ್ಳಾ ಬೇರೆ. ಮೊದಲನೆಯದು ಕಡಲೆಬೇಳೆಯದು ಅಥವಾ ಕಡಲೆಹಿಟ್ಟಿನದು. ಎರಡನೆಯದು ಅಕ್ಕಿ ಬೇಳೆಗಳನ್ನು ರುಬ್ಬಿ ಹುಳಿ ಬರಿಸಿ ಹಬೆಯಲ್ಲಿ ಬೇಯಿಸಿದ್ದು. ಸೂರತ್ತಿನ ಲೋಚೊ ಇವೆರಡೂ ಅಲ್ಲದ ಮೆತ್ತನೆಯ ಮೂರನೆಯದು. ‘ಸುರತ್‌ನುಂ ಜಮಣ್ ಅನೆ ಕಾಶೀನುಂ ಮರಣ್’—ಊಟವಾದರೆ ಸೂರತ್ತಿನದು, ಸಾವಾದರೆ ಕಾಶಿಯದು—ಎಂದು ಹೇಳಿಕೊಳ್ಳುವ ಊರಿನವನಿಗೆ ಈ ಭೇದ ಸಣ್ಣದಲ್ಲ. ಹೊರಗಿನವರ ಪಟ್ಟಿಗಳಲ್ಲಿ ‘ಖಮಣ್ ಢೋಕ್ಳಾ’ ಎಂಬ ಜೋಡುಪದವೇ ರೂಢಿಯಾಗಿದೆ. ಇದು ಮೋಸವಲ್ಲ, ಅಜಾಗ್ರತೆ. ಹಾಗೆಯೇ ವಿಮಾನಸಂಸ್ಥೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ‘ಹಿಂದೂ ಊಟ’ ಎಂಬ ಸಂಕೇತವನ್ನು ಕಂಡು ಅದು ಸಸ್ಯಾಹಾರವೆಂದು ಭಾವಿಸಿದವರುಂಟು. ವಾಸ್ತವವಾಗಿ ಅದರಲ್ಲಿ ಗೋಮಾಂಸ ಹಂದಿಮಾಂಸಗಳು ಇರಕೂಡದೆಂದಷ್ಟೇ ಅರ್ಥ. ಕುರಿ, ಕೋಳಿ, ಮೀನು ಇರಬಹುದು. ಹೆಸರು ಸುಳ್ಳಲ್ಲ, ಕೇಳುವವನ ಮನಸ್ಸಿನಲ್ಲಿ ಅದು ಹುಟ್ಟಿಸುವ ಅರ್ಥ ಬೇರೆ.

‘ಎಷ್ಟು’ ಎಂಬುದಕ್ಕೆ ಪಟ್ಟಿಯಲ್ಲಿ ಉತ್ತರ ಕೊಡುವುದು ಸಾಮಾನ್ಯವಾಗಿ ಚಿತ್ರ. ಚಿತ್ರಕ್ಕೆ ಅಳತೆಗೋಲಿಲ್ಲ, ತಟ್ಟೆಯಲ್ಲಿ ಹರಡಿ ತೆಗೆದ ಚಿತ್ರಕ್ಕೂ ಅಂಗೈಯಗಲದ ಡಬ್ಬಿಗೂ ನಡುವಿನ ಅಂತರವನ್ನು ಪ್ರಯಾಣಿಕನು ಹಣ ಕೊಟ್ಟ ಮೇಲೆ ಅರಿಯುತ್ತಾನೆ. ತಿಂಡಿಗೆ ಪಾನೀಯವನ್ನು ಕಡ್ಡಾಯವಾಗಿ ಜೋಡಿಸಿ ಒಂದೇ ಬೆಲೆ ಹೇಳಿದರೆ, ತಿಂಡಿಯೊಂದರ ಬೆಲೆ ಎಷ್ಟೆಂದು ತಿಳಿಯುವ ದಾರಿಯೂ ಮುಚ್ಚಿಹೋಗುತ್ತದೆ.

‘ಹೇಗೆ’ ಎಂಬ ಪ್ರಶ್ನೆಗೆ ಕನ್ನಡಿಗರಿಗೆ ಬಲು ಪರಿಚಿತವಾದ ಉಪ್ಪಿಟ್ಟೇ ಒಳ್ಳೆಯ ಉದಾಹರಣೆ. ಕಡಿಮೆ ದರದ ಅನೇಕ ವಿಮಾನಗಳಲ್ಲಿ ತೂಕವನ್ನೂ ವೆಚ್ಚವನ್ನೂ ಉಳಿಸಲು ಆಹಾರ ಬಿಸಿಮಾಡುವ ಒಲೆಯನ್ನು ಇಡುವುದಿಲ್ಲ. ಅಲ್ಲಿ ಉಪ್ಪಿಟ್ಟೆಂದರೆ ಒಣಗಿದ ಮಿಶ್ರಣವಿರುವ ಲೋಟಕ್ಕೆ ಬಿಸಿನೀರು ಹೊಯ್ದು ಕೆಲವು ನಿಮಿಷ ಮುಚ್ಚಿಡುವುದು. ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. 8,000 ಅಡಿಯೆಂದರೆ ಕರ್ನಾಟಕದ ಅತ್ಯುನ್ನತ ಶಿಖರವಾದ, 1,930 ಮೀಟರಿನ ಮುಳ್ಳಯ್ಯನಗಿರಿಗಿಂತಲೂ ಎತ್ತರ. ಅಲ್ಲಿ ನೀರು 100 ಡಿಗ್ರಿಗಲ್ಲ, ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಒಳಗಿನ ಗಾಳಿಯೂ ಬಹಳ ಒಣಗಿರುತ್ತದೆ. ಇಂಥ ಒತ್ತಡದಲ್ಲಿ ನಾಲಿಗೆಗೆ ಉಪ್ಪಿನ ಮತ್ತು ಸಿಹಿಯ ಅರಿವು ಮಂದವಾಗುವುದೆಂದು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ 2010ರಲ್ಲಿ ಪರೀಕ್ಷೆಗಳಿಂದ ತೋರಿಸಿತು. ನೆಲದ ಮೇಲೆ ಹದವಾದ ಉಪ್ಪು ಆಕಾಶದಲ್ಲಿ ಸಪ್ಪೆ. ಆದ್ದರಿಂದ ಅಲ್ಲಿ ಉಪ್ಪು ಹೆಚ್ಚಾಗಿದ್ದರೂ ನಾಲಿಗೆ ಅದನ್ನು ಹಿಡಿದು ಹೇಳಲಾರದು.

2024ರ ಏಪ್ರಿಲಿನಲ್ಲಿ ಇದೇ ವಿಷಯ ದೇಶದಲ್ಲೆಲ್ಲ ಚರ್ಚೆಗೆ ಬಂತು. ಇಂಡಿಗೋ ವಿಮಾನಗಳಲ್ಲಿ ಮಾರುತ್ತಿದ್ದ ‘ಮ್ಯಾಜಿಕ್ ಉಪ್ಮಾ’ದಲ್ಲಿ ಮ್ಯಾಗಿಗಿಂತ ಶೇಕಡ 50ರಷ್ಟು ಹೆಚ್ಚು ಸೋಡಿಯಂ ಇದೆಯೆಂದು ಆಹಾರ ವಿಷಯದ ಪ್ರಚಾರಕರೊಬ್ಬರು ಹೇಳಿದರು. ಉಪ್ಪಿನ ಪ್ರಮಾಣ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮಗಳ ಮಿತಿಯೊಳಗೇ ಇದೆಯೆಂದು ಸಂಸ್ಥೆ ಉತ್ತರ ಕೊಟ್ಟಿತು. ಈ ಎರಡು ಮಾತುಗಳೂ ಏಕಕಾಲದಲ್ಲಿ ನಿಜವಾಗಿರಬಹುದೆಂಬುದೇ ಇಲ್ಲಿ ಗಮನಾರ್ಹವಾದ ಅಂಶ. ಉಪ್ಪು ಮತ್ತು ಹಿಟ್ಟು ಸೇರಿ ಉಪ್ಪಿಟ್ಟಾಯಿತು. ಉಪ್ಪು ಇದೆಯೆಂದು ಹೆಸರೇ ಸಾರುತ್ತದೆ, ಎಷ್ಟೆಂಬುದನ್ನು ಮಾತ್ರ ಹೇಳುವುದಿಲ್ಲ. ಮನೆಯ ಉಪ್ಪಿಟ್ಟು ಹಗುರವಾದ ತಿಂಡಿಯೆಂಬ ನಂಬಿಕೆಯಿಂದ ವೃದ್ಧರೊಬ್ಬರು ಅದನ್ನು ಆರಿಸಿದರೆ, ಅವರನ್ನು ತಪ್ಪುದಾರಿಗೆ ಎಳೆದದ್ದು ಸುಳ್ಳಲ್ಲ, ಆಪ್ತವಾದ ಒಂದು ಹೆಸರು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕನಿಗೆ ದಿನವೊಂದಕ್ಕೆ ಸೋಡಿಯಂ 2,000 ಮಿಲಿಗ್ರಾಮಿಗಿಂತ, ಎಂದರೆ ಉಪ್ಪು 5 ಗ್ರಾಮಿಗಿಂತ, ಕಡಿಮೆಯಿರಬೇಕು. ಈ ಲೆಕ್ಕವಿಟ್ಟುಕೊಂಡು ಬದುಕುವವರಿಗೆ ಹೆಸರಿಗಿಂತ ಅಂಕಿ ಮುಖ್ಯ.

‘ಯಾರಿಗೆ’ ಎಂಬುದಕ್ಕೆ ಪಟ್ಟಿ ಕೊಡುವ ಉತ್ತರ ಹಸುರು ಬೊಟ್ಟು. ಚೌಕದೊಳಗಿನ ಈ ಬೊಟ್ಟು ಸಸ್ಯಾಹಾರದ ಗುರುತು. ಮೊಟ್ಟೆಯನ್ನೂ ಇದು ಹೊರಗಿಡುತ್ತದೆ. ಆದರೆ ಆಲೂಗೆಡ್ಡೆ, ಈರುಳ್ಳಿ, ಬೆಳ್ಳುಳ್ಳಿಗಳ ವಿಷಯದಲ್ಲಿ ಅದು ಮೌನ. ಜೈನರು ಬಹುಸಂಖ್ಯೆಯಲ್ಲಿ ಪ್ರಯಾಣಮಾಡುವ ಅಹಮದಾಬಾದು ಸೂರತ್ತುಗಳ ದಾರಿಯಲ್ಲಿ ಈ ಮೌನ ಸಣ್ಣ ಲೋಪವಲ್ಲ.

ಇಂಥ ವ್ಯವಹಾರದ ಬಗೆಗೆ ನ್ಯಾಯವಿಚಾರ ಹೊಸದೇನೂ ಅಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು, ಮರ, ಲೋಹ, ಮಣಿ, ಚರ್ಮ, ನೂಲು ಮೊದಲಾದವುಗಳಲ್ಲಿ ಕೀಳಾದದ್ದನ್ನು ಉತ್ತಮ ಜಾತಿಯದೆಂದು ಹೇಳಿ ಮಾರುವವನಿಗೆ ಬೆಲೆಯ ಎಂಟರಷ್ಟು ದಂಡವನ್ನು ವಿಧಿಸುತ್ತದೆ. ಇಂದಿನ ಶಾಸನಗಳೂ ಅದೇ ದಾರಿಯವು. 2006ರ ಆಹಾರ ಸುರಕ್ಷತೆಯ ಕಾಯಿದೆ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ ದಂಡ ಹೇಳುತ್ತದೆ. ‘ತಾಜಾ’, ‘ಸಾಂಪ್ರದಾಯಿಕ’ ಮೊದಲಾದ ವಿಶೇಷಣಗಳನ್ನು ಮನಬಂದಂತೆ ಬಳಸದಂತೆ 2018ರ ನಿಯಮಗಳು ಕಟ್ಟುಪಾಡು ಹಾಕಿವೆ. 2019ರ ಗ್ರಾಹಕ ಸಂರಕ್ಷಣ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮುಖ್ಯವಾದ ಸಂಗತಿಯನ್ನು ಬುದ್ಧಿಪೂರ್ವಕವಾಗಿ ಮರೆಮಾಡುವುದೂ ದಾರಿತಪ್ಪಿಸುವಿಕೆಯೇ ಎಂದು ಸೇರಿಸಿದೆ. ಅದೇ ಕಾಯಿದೆಯಂತೆ ದೂರನ್ನು ಪ್ರಯಾಣಿಕನು ತಾನು ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲೇ ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ವಡೋದರಾದಲ್ಲಿ ನೆಲಸಿರುವವರು ಇದಕ್ಕಾಗಿ ಸಂಸ್ಥೆಯ ಕಚೇರಿಯಿರುವ ದೂರದ ಊರಿಗೆ ಅಲೆಯಬೇಕಾಗಿಲ್ಲ.

ಆದರೆ ಹೆಚ್ಚಿನ ತಿಂಡಿಪಟ್ಟಿಗಳು ಈ ಕಾಯಿದೆಗಳ ಬಲೆಗೆ ಬೀಳಲಾರವು. ಬೀಳಬೇಕೆಂದು ಹೇಳುವುದೂ ನ್ಯಾಯವಲ್ಲ. ಸಂಸ್ಥೆಗಳ ಪಕ್ಷದಲ್ಲಿಯೂ ಹೇಳಬೇಕಾದ ಮಾತುಂಟು. ಪಟ್ಟಿ ಚಿಕ್ಕದಾಗಿರಬೇಕು, ಮಾರುವ ಸಮಯ ಅಲ್ಪ, ಕಾರ್ಖಾನೆಯಲ್ಲಿ ಕಟ್ಟಿದ ಡಬ್ಬಿಯ ಮೇಲೆ ತೂಕ, ಘಟಕ, ಪೌಷ್ಟಿಕಾಂಶಗಳನ್ನು ಶಾಸನದಂತೆ ಅಚ್ಚುಹಾಕಿಯೇ ಇರುತ್ತಾರೆ. ಹಾಗಾದರೆ ದೋಷವೆಲ್ಲಿದೆ? ದೋಷ ಮಾತಿನಲ್ಲಿಲ್ಲ, ಕಾಲಕ್ರಮದಲ್ಲಿದೆ. ಪಟ್ಟಿ ಮೊದಲು, ಹಣ ಅನಂತರ, ಡಬ್ಬಿ ಕೊನೆಗೆ. ನಿಜ ಎಲ್ಲವೂ ಡಬ್ಬಿಯ ಮೇಲಿದೆ. ಅದು ಕೈಗೆ ಬರುವ ಹೊತ್ತಿಗೆ ಆಯ್ಕೆ ಮುಗಿದುಹೋಗಿರುತ್ತದೆ. ಸಾಲಪತ್ರಕ್ಕೆ ರುಜು ಹಾಕಿದ ಮೇಲೆ ಷರತ್ತುಗಳನ್ನು ಓದಿದಂತೆ ಇದು.

ಸಾಲದ ವಿಷಯದಲ್ಲಿ ಈ ದೋಷಕ್ಕೆ ಪರಿಹಾರ ಹುಡುಕಿದ್ದುಂಟು. ರಿಸರ್ವ್ ಬ್ಯಾಂಕು 2024ರ ಏಪ್ರಿಲಿನಲ್ಲಿ ಹೊರಡಿಸಿದ ಸುತ್ತೋಲೆಯಂತೆ, ಆ ವರ್ಷದ ಅಕ್ಟೋಬರ್ 1ರಿಂದ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಕೊಡುವ ಹೊಸ ಅವಧಿ ಸಾಲಗಳಿಗೆ, ಕರಾರಿಗೆ ಮುಂಚೆಯೇ, ಬಡ್ಡಿ ಮತ್ತು ಎಲ್ಲ ವೆಚ್ಚಗಳನ್ನು ಸುಲಭ ಭಾಷೆಯಲ್ಲಿ ತಿಳಿಸುವ ಮುಖ್ಯಾಂಶಗಳ ಪತ್ರವನ್ನು ಕೊಡಬೇಕು. ಹೊಸ ಸಂಗತಿಯನ್ನೇನೂ ಅದು ಕೇಳಲಿಲ್ಲ; ಇದ್ದ ಸಂಗತಿಯನ್ನು ಮೊದಲು ಹೇಳಿ ಎಂದಿತು. ತಿಂಡಿಪಟ್ಟಿಗೂ ಇಷ್ಟೇ ಸಾಕು. ಪ್ರತಿಯೊಂದು ತಿಂಡಿಯ ಹೆಸರಿನ ಕೆಳಗೆ ಒಂದು ಸಾಲು: ಇಷ್ಟು ಗ್ರಾಂ, ಬಿಸಿನೀರು ಹೊಯ್ದು ಮಾಡುವುದು ಅಥವಾ ಅಡುಗೆಮನೆಯಲ್ಲಿ ಬೇಯಿಸಿ ತಂದದ್ದು, ಸೋಡಿಯಂ ಇಷ್ಟು, ಈರುಳ್ಳಿ ಬೆಳ್ಳುಳ್ಳಿ ಗಡ್ಡೆಗಳು ಉಂಟು ಅಥವಾ ಇಲ್ಲ. ಇದರಿಂದ ಪಟ್ಟಿ ಉದ್ದವಾಗುವುದಿಲ್ಲ, ಖರ್ಚೂ ಬೆಳೆಯುವುದಿಲ್ಲ.

ವರ್ಣನೆ ನಿಜವಾಗಿ ಎಷ್ಟು ಮಟ್ಟಿಗೆ ತಪ್ಪು ತಿಳಿವಳಿಕೆ ಕೊಡುತ್ತದೆಂಬುದನ್ನು ಊಹೆಗೆ ಬಿಡಬೇಕಾಗಿಯೂ ಇಲ್ಲ. ಪಟ್ಟಿಯನ್ನು ಮಾತ್ರ ತೋರಿಸಿ ನೂರು ಮಂದಿ ಪ್ರಯಾಣಿಕರಿಂದ ತೂಕ, ಉಪ್ಪು, ತಯಾರಿಕೆಯ ಬಗೆಗಳನ್ನು ಅಂದಾಜುಮಾಡಿಸಿ, ಅನಂತರ ಡಬ್ಬಿಯೊಡನೆ ಹೋಲಿಸಿದರೆ ಸಾಕು. ಪದಾರ್ಥಗಳನ್ನು ತೂಗಿ ನೋಡಿ ಫಲಿತಾಂಶವನ್ನು ಜನಕ್ಕೆ ತಿಳಿಸುವ ಗ್ರಾಹಕ ಶಿಕ್ಷಣ ಮತ್ತು ಸಂಶೋಧನ ಕೇಂದ್ರ ಅಹಮದಾಬಾದಿನಲ್ಲಿ 1978ರಿಂದ ಇದೆ. ಆಹಾರ ಮತ್ತು ಪೌಷ್ಟಿಕತೆಯ ವಿಭಾಗ ವಡೋದರಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿದೆ. ಅಂಥ ಪರೀಕ್ಷೆಗೆ ಈ ನಾಡಿಗಿಂತ ಅನುಕೂಲವಾದ ಸ್ಥಳ ಸಿಗುವುದು ಕಷ್ಟ.

ಅಲ್ಲಿಯವರೆಗೆ ಪ್ರಯಾಣಿಕನಿಗೆ ಉಳಿದಿರುವ ಉಪಾಯ ಒಂದೇ: ಹಣ ಕೊಡುವ ಮೊದಲು ಡಬ್ಬಿಯನ್ನು ಕೇಳಿ ತೆಗೆದುಕೊಂಡು ಓದುವುದು. ಸಂಕೋಚದಿಂದ ಇದನ್ನು ಬಿಡುವವರೇ ಹೆಚ್ಚು. ಗುಜರಾತಿನ ಗೃಹಸ್ಥರು ಮಾತ್ರ ಈ ಗೊಡವೆಯೇ ಬೇಡವೆಂದು ಮನೆಯ ಥೇಪ್ಲಾ ಖಾಖ್ರಾಗಳ ಗಂಟನ್ನು ಚೀಲದಲ್ಲಿಟ್ಟುಕೊಂಡು ಹೊರಡುತ್ತಾರೆ. ಇದನ್ನು ಜಿಪುಣತನವೆಂದು ನಗುವವರುಂಟು. ಆದರೆ ಆ ಗಂಟನ್ನು ಕಟ್ಟಿದ ಕೈಗಳಿಗೆ ಅದರಲ್ಲಿ ಏನಿದೆ, ಎಷ್ಟಿದೆ, ಹೇಗೆ ಮಾಡಿದ್ದು, ಯಾರಿಗಾಗಿ ಮಾಡಿದ್ದು ಎಂಬ ನಾಲ್ಕೂ ಸಂಗತಿಗಳು ತಿಳಿದಿರುತ್ತವೆ.